ಚಪ್ಪಲಿ ಮೆಟ್ಟುವ ಹೊತ್ತಿನ ಪ್ರಶ್ನೆ

ಸಿಸ್ಟರಕ್ಕ ಹೋದ ಸುದ್ದಿ ಬಂದಾಗ ನಾನು ಬನವಾಸಿ ಸಂತೆಯಲ್ಲಿ ಮೆಣಸಿನಕಾಯಿ ಆರಿಸುತ್ತಿದ್ದೆ. ಫೋನು ಮಾಡಿದವಳು ಅವರ ತಂಗಿಯ ಮಗಳು. "ದೊಡ್ಡಮ್ಮ ತೀರ್ಕ್ಯಂಡ್ತು, ಇವತ್ತು ಬೆಳಿಗ್ಗೆ" ಎಂದಳು. ಅಯ್ಯೋ ಎನ್ನಬೇಕಿತ್ತು, ಅಳಬೇಕಿತ್ತು. ನನ್ನ ಬಾಯಿಂದ ಬಂದದ್ದು "ಹೆಂಗ?" ಎಂಬ ಒಂದೇ ಮಾತು. ಹುಡುಗಿ ಮೂಗು ಒರೆಸಿಕೊಂಡು ಉತ್ತರ ಕೊಡಲು ನಾಲ್ಕೈದು ಸೆಕೆಂಡು ಹಿಡಿದಿರಬೇಕು. ಅಷ್ಟರಲ್ಲಿ ನನ್ನ ಮುಷ್ಟಿಯಲ್ಲಿದ್ದ ಮೆಣಸಿನಕಾಯಿ ಪುಡಿಪುಡಿಯಾಗಿತ್ತು. "ಜ್ವರ ಬಂದು ಕಫ ಕಟ್ಟಿತ್ತು, ನ್ಯುಮೋನಿಯಾ ಹೇಳಿದ ಡಾಕ್ಟ್ರು. ನಂಗ ಎಲ್ಲ ಹತ್ರನೇ ಇದ್ದಿದ್ಯ" ಎಂದಳು ಆಕೆ.

"ದೇವರೇ, ಸಾಕಪ್ಪಾ" ಎಂದುಬಿಟ್ಟೆ, ಗಟ್ಟಿಯಾಗಿ. ಮೆಣಸಿನಕಾಯಿ ಮಾರುವವನು ನನ್ನನ್ನೇ ನೋಡಿದ. ಯಾರೋ ಸತ್ತರೆಂಬ ಸುದ್ದಿಗೆ ಸಮಾಧಾನದ ಉಸಿರು ಬಿಡುವ ಹೆಂಗಸು ಎಂಥವಳು ಎಂದು ನೀವೂ ಕೇಳಬಹುದು. ಆ ಉಸಿರಿಗಾಗಿ ನನಗೆ ಇವತ್ತಿಗೂ ನಾಚಿಕೆ. ಆದರೆ ಐದು ವರ್ಷದಿಂದ ನಾನು ಆ ಫೋನಿಗೆ ಹೆದರಿಕೊಂಡೇ ಬದುಕಿದ್ದೆ. ಅವರು ತಮ್ಮ ಕೈಯಾರೆ ಹೋದರು ಎಂದು ಯಾರಾದರೂ ಹೇಳುತ್ತಾರೆ, ಹೇಳಿಯೇ ಹೇಳುತ್ತಾರೆ ಎಂಬ ಹೆದರಿಕೆ. ಜ್ವರದಿಂದ ಹೋದರಲ್ಲ, ಎಪ್ಪತ್ತು ದಾಟಿದ ಜೀವ, ಸುತ್ತ ಜನರಿದ್ದರಲ್ಲ! ಅಷ್ಟೇ ಸಾಕಾಗಿತ್ತು ನನಗೆ.

ಹೆಸರು ಬರೆಯುವುದಿಲ್ಲ. ಮೂರು ತಾಲೂಕಿನಲ್ಲಿ ಅವರ ಮುಂದೆ ಬಾಯಿಬಿಟ್ಟವರು ಎಷ್ಟೋ ಜನ. ಅವರ ಹೆಸರನ್ನೆಲ್ಲ ಹೊಟ್ಟೆಯೊಳಗೇ ಇಟ್ಟುಕೊಂಡು ಹೋದವರ ಹೆಸರನ್ನು ನಾನು ಬೀದಿಗೆ ತರಬಾರದು. ಸರಕಾರಿ ದವಾಖಾನೆಗಳಲ್ಲಿ ನರ್ಸಾಗಿ ನಿವೃತ್ತರಾದವರು. ಊರವರಿಗೆ ಸಿಸ್ಟರಕ್ಕ. ಕುಳ್ಳಗೆ, ಒಣಗಿದ ಮೈ, ಹುರಿದಾರ ಕಟ್ಟಿದ ಕನ್ನಡಕ. ಬಾಯಲ್ಲಿ ಸದಾ ಒಂದು ಲವಂಗ. ಸಿರಸಿ, ಸಿದ್ದಾಪುರ, ಯಲ್ಲಾಪುರದ ಬಸ್ಸಿನ ಹೊತ್ತೆಲ್ಲ ಬಾಯಿಪಾಠ. ಮಳೆಗಾಲದಲ್ಲಿ ಕಾಲಿಗೆ ಹತ್ತಿ ರಕ್ತ ಹೀರುವ ಉಂಬಳ ಎಂದರೆ ಮಾತ್ರ ಪ್ರಾಣಭಯ. ಬೆಂಕಿಪೊಟ್ಟಣದಲ್ಲಿ ಉಪ್ಪು ತುಂಬಿಕೊಂಡೇ ಹೊರಗೆ ಹೊರಡುತ್ತಿದ್ದರು. ಸಾವಿನ ಮಾತನ್ನು ಎದುರುಬದುರು ಕೂತು ಆಡುವ ಹೆಂಗಸು ಒಂದು ಉಂಬಳ ಕಂಡರೆ ಜೀಪಿನ ಸೀಟಿನ ಮೇಲೆ ಹತ್ತಿ ಕೂಗುತ್ತಿದ್ದರು.

ನಾವಿಬ್ಬರೂ ಒಂದಾದದ್ದು ಒಂದು ಸಂಶೋಧನೆಯ ಕೆಲಸದಲ್ಲಿ. ಘಟ್ಟದ ಮೇಲಿನ ಪೇಟೆಯ ದೊಡ್ಡ ಆಸ್ಪತ್ರೆಯ ಡಾಕ್ಟರೊಬ್ಬರು ಖಿನ್ನತೆ ಇದ್ದವರ ಮಿದುಳಿನ ಚಿತ್ರ ತೆಗೆಸುತ್ತಿದ್ದರು. ಖಿನ್ನತೆ ಇದ್ದು ಸಾಯಲು ಪ್ರಯತ್ನಪಟ್ಟವರದು ಒಂದು ಗುಂಪು, ಖಿನ್ನತೆ ಇದ್ದೂ ಆ ದಾರಿ ಹಿಡಿಯದವರದು ಇನ್ನೊಂದು, ಹೋಲಿಸಿ ನೋಡಲು ಸರಿ ಇದ್ದವರದು ಮೂರನೆಯದು. ಮಿದುಳಿನ ಯಾವ ಭಾಗ ತೆಳುವಾಗಿದೆ, ಸುಮ್ಮನೆ ಮಲಗಿದಾಗ ಯಾವ ಭಾಗ ಯಾವುದರ ಜೊತೆ ಮಾತು ಬಿಟ್ಟಿದೆ ಎಂದು ಹುಡುಕುವುದು ಅವರ ಉದ್ದೇಶ. ನಮ್ಮ ಮೂರು ತಾಲೂಕಿನಿಂದ ಒಪ್ಪಿಗೆ ಇದ್ದವರನ್ನು ಹುಡುಕಿ, ಪ್ರಶ್ನೆ ಕೇಳಿ, ಫಾರ್ಮು ತುಂಬಿ, ಜೀಪಿನಲ್ಲಿ ಕರೆದೊಯ್ದು, ಚಿತ್ರ ತೆಗೆಸಿ, ಮನೆಗೆ ಮುಟ್ಟಿಸುವುದು ನಮ್ಮ ಕೆಲಸ. ಅವರಿಗೆ ಜನ ಗೊತ್ತು, ನನಗೆ ಬರಹ ಗೊತ್ತು. ಅವರು ಕೇಳಬೇಕು, ನಾನು ಬರೆದುಕೊಳ್ಳಬೇಕು.

ಫಾರ್ಮಿನ ನಾಲ್ಕನೇ ಪುಟದಲ್ಲಿ ಆ ಪ್ರಶ್ನೆ ಇತ್ತು. ಸಾಯಬೇಕು ಎಂಬ ವಿಚಾರ ಬಂದಿದೆಯೇ? ನಾನು ಮೊದಲಿಂದಲೂ ಅಂಜುಬುರುಕಿ. ತರಬೇತಿಯ ದಿನ ಅದನ್ನು ಓದುವಾಗಲೇ ನಿಲ್ಲಿಸಿಬಿಟ್ಟಿದ್ದೆ. "ಅಕ್ಕಾರ, ಹಿಂಗ ಬಾಯಿಬಿಟ್ಟು ಕೇಳಿದ್ರ ಇಲ್ಲದವ್ರ ತಲಿಯಾಗೂ ಹುಳ ಬಿಟ್ಟಂಗ ಆಗೂದಿಲ್ಲೇನ್ರಿ?" ಎಂದು ಕೇಳಿದ್ದೆ. ಅವರು ಲವಂಗವನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ದಾಟಿಸಿದರು.

"ಹಸಿವಾಯ್ದಾ ಕೇಳಿದ್ರೆ ಹೊಟ್ಟೆ ತುಂಬಿದವಂಗೆ ಹಸಿವಾಗ್ತಾ? ಇದ್ದವಂಗೆ ಮಾತ್ರ, ಅಬ್ಬಾ ಯಾರೋ ಒಬ್ರು ಕೇಳ್ದ ಹೇಳಿ ಆಗ್ತು. ಕೇಳವು ತಂಗಿ. ಕೇಳ್ದೇ ಇದ್ರೇ ಹೆದ್ರವು."

ಏಕೆ ಎಂದು ಕೇಳಬಾರದು ಎಂಬುದು ಅವರ ಇನ್ನೊಂದು ಮಾತು: "ಎಂತಕ್ಕೆ ಹೇಳಿ ಕೇಳಡ. ಎಂತಕ್ಕೆ ಅಂದ್ರೆ ತಪ್ಪು ಒಪ್ಪಿಸ್ದಾಂಗೆ ಆಗ್ತು. ಯಾವಾಗಿಂದ ಹೇಳಿ ಕೇಳು."

ಆದರೆ ಅವರಿಂದ ಕಲಿತ ನಿಜವಾದ ವಿದ್ಯೆ ಬೇರೆ. ಅದು ಯಾವ ತರಬೇತಿಯಲ್ಲೂ ಇರಲಿಲ್ಲ. ಅದನ್ನು ಹೇಳಬೇಕಾದರೆ ಅವರ ಕಡೆಯ ಜನರ ಒಂದು ಪದ್ಧತಿಯನ್ನು ಹೇಳಬೇಕು.

ನಾನು ಬನವಾಸಿ ಕಡೆಯವಳು. ನಮ್ಮಲ್ಲಿ "ಚಾ ಕುಡೀತೀರೇನ್ರಿ?" ಎಂದರೆ ಬೇಕಾದವರು ಹೂಂ ಎನ್ನುತ್ತಾರೆ, ಬೇಡದವರು ಒಲ್ಲೆ ಎನ್ನುತ್ತಾರೆ, ಅಲ್ಲಿಗೆ ಮುಗಿಯಿತು. ಸಿಸ್ಟರಕ್ಕನ ಕಡೆ ಹಾಗಲ್ಲ. ಮನೆಗೆ ಯಾರು ಬಂದರೂ ಮೊದಲು "ಆಸರಿಗೆ ಎಂತ ಅಡ್ಡಿಲ್ಲೆ?" ಎಂದು ಕೇಳುತ್ತಾರೆ, ಬಾಯಾರಿಕೆಗೆ ಏನು ಕೊಡಲಿ ಎಂದು. ಬಂದವರು "ಎಂತೂ ಬ್ಯಾಡ" ಎನ್ನಬೇಕು. ಗಂಟಲು ಒಣಗಿ ಸಾಯುತ್ತಿದ್ದರೂ ಹಾಗೇ ಎನ್ನಬೇಕು. ಮನೆಯವರು ಅದನ್ನು ಕಿವಿಗೆ ಹಾಕಿಕೊಳ್ಳದೆ ಮತ್ತೆ ಕೇಳಬೇಕು. ಆಗಲೂ "ಈಗಷ್ಟೇ ಆತು" ಎನ್ನಬೇಕು. ಮೂರನೇ ಸಲ ಕೇಳಿದಾಗ ಬರುವುದೇ ನಿಜವಾದ ಉತ್ತರ. ಹೊಸದರಲ್ಲಿ ನಾನು ಮೊದಲ ಸಲಕ್ಕೇ "ಹೂಂ, ಕೊಡ್ರಿ" ಎಂದು ಎಷ್ಟು ಮನೆಗಳಲ್ಲಿ ಜನರನ್ನು ತಬ್ಬಿಬ್ಬು ಮಾಡಿದ್ದೆನೋ! ಸಿಸ್ಟರಕ್ಕ ಸೆರಗು ಬಾಯಿಗಿಟ್ಟು ನಗುತ್ತಿದ್ದರು.

"ನಂಗಳ ಬದಿಗೆ ಮೊದಲ್ನೇ 'ಬ್ಯಾಡ'ಕ್ಕೆ ಬೆಲೆ ಇಲ್ಲೆ ತಂಗಿ. ಒಂದು ಲೋಟ ಕಷಾಯಕ್ಕೇ ಮೂರು ಸಲ ಕೇಳಿಸ್ಕ್ಯಂಬ ಜನ, ಸಾಯವು ಕಾಣ್ತು ಹೇಳದ್ನ ಒಂದೇ ಸಲಕ್ಕೆ ಹೇಳ್ತ್ವ?"

ಹಾಗಾಗಿ ಅವರು 'ಸಾಯವು ಹೇಳಿ ಕಾಣ್ತಾ', ಸಾಯಬೇಕು ಅನ್ನಿಸುತ್ತದೆಯೇ, ಎಂಬ ಆ ಪ್ರಶ್ನೆಯನ್ನು ಮೂರು ಸಲ ಕೇಳುತ್ತಿದ್ದರು. ಒಮ್ಮೆ ಫಾರ್ಮಿನ ಪ್ರಕಾರ. ಇನ್ನೊಮ್ಮೆ ಕಷಾಯ ಕುಡಿದಾದ ಮೇಲೆ, ಲೋಟ ಕೆಳಗಿಡುತ್ತಾ. ಕೊನೆಯ ಸಲ ಹೊರಟು, ಮೆಟ್ಟಿಲಿಳಿದು, ಚಪ್ಪಲಿ ಮೆಟ್ಟುವಾಗ. ಆಗ ಮುಖ ನೋಡುತ್ತಿರಲಿಲ್ಲ. ಬಗ್ಗಿ ಚಪ್ಪಲಿಯ ಪಟ್ಟಿ ಸರಿ ಮಾಡುತ್ತಾ ಕೇಳುತ್ತಿದ್ದರು. ಈ ಕಡೆಯವರ ನಿಜವಾದ ಮಾತು ಹೊರಡುವುದೇ ನೆಂಟ ಚಪ್ಪಲಿ ಮೆಟ್ಟುವಾಗ ಎನ್ನುತ್ತಿದ್ದರು. ಮಗಳ ಜಾತಕದ ಮಾತು, ಹಿಸ್ಸೆಯ ಮಾತು, ರೋಗದ ಮಾತು, ಎಲ್ಲ ಆಗಲೇ.

ತ್ಯಾಗಲಿಯ ಒಬ್ಬ ಗೃಹಸ್ಥರ ಮನೆಗೆ ಹೋಗಿದ್ದೆವು. ಐವತ್ತರ ಆಸುಪಾಸಿನವರು, ಯಕ್ಷಗಾನದಲ್ಲಿ ವೇಷ ಹಾಕುತ್ತಿದ್ದವರಂತೆ, ಎರಡು ವರ್ಷದಿಂದ ಗೆಜ್ಜೆ ಮುಟ್ಟಿರಲಿಲ್ಲ. ಮೊದಲ ಸಲ ಕೇಳಿದಾಗ ಜೋರಾಗಿ ನಕ್ಕರು. "ಎಂತಾ ಇಲ್ಲೆ, ಆರಾಮ್ ಇದ್ದೆ." ಎರಡನೇ ಸಲ ಮಾತು ಮಳೆ ಕಡೆ ತಿರುಗಿಸಿದರು. ನಾನು ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದ್ದೆ. ಅಂಗಳದಲ್ಲಿ ಸಿಸ್ಟರಕ್ಕ ಬಗ್ಗಿಕೊಂಡೇ, "ಹಂಗಾರೆ ಸಾಯವು ಹೇಳಿ ಕಾಣ್ತಿಲ್ಲೆ ಅಲ್ದಾ?" ಎಂದರು. ನಾನು ತಲೆಯೆತ್ತಿ ನೋಡಿದರೆ ಅಷ್ಟು ದೊಡ್ಡ ಗಂಡಸು ಕಂಬಕ್ಕೆ ಹಣೆ ಒತ್ತಿ ನಿಂತಿದ್ದರು. "ದಿನಾ ಕಾಣ್ತು" ಎಂದರು. ಸಿಸ್ಟರಕ್ಕ ಮೆಟ್ಟಿದ ಚಪ್ಪಲಿ ಬಿಚ್ಚಿ ವಾಪಸು ಮೆಟ್ಟಿಲು ಹತ್ತಿದರು. ಅವತ್ತು ಮೂರು ಬಸ್ಸು ತಪ್ಪಿತು.

ಅದು ಅವರ ಇನ್ನೊಂದು ನೇಮ. ಉತ್ತರ ಬಂದರೆ ಚಪ್ಪಲಿ ಬಿಚ್ಚಬೇಕು. ಕೇಳಿ ಓಡಿ ಹೋಗುವವರು ಕೇಳಲೇಬಾರದು.

ಚಿತ್ರ ತೆಗೆಸಲು ಕರೆದೊಯ್ಯುವ ದಿನ ಅವರ ಹತ್ತಿರ ಒಂದು ತಗಡಿನ ಡಬ್ಬಿ ಇರುತ್ತಿತ್ತು. ಆ ಯಂತ್ರ ದೊಡ್ಡ ಅಯಸ್ಕಾಂತ. ಮೈಮೇಲೆ ಲೋಹ ಇರಬಾರದು. ಬಂದವರು ಉಂಗುರ, ಉಡಿದಾರದ ತಾಯಿತ, ಎಲ್ಲ ಬಿಚ್ಚಿ ಕೊಡುತ್ತಿದ್ದರು. ತಾಳಿ ಎಂದೊಡನೆ ಹೆಂಗಸರ ಮುಖ ಬಿಳುಚುತ್ತಿತ್ತು. ಯಲ್ಲಾಪುರ ಕಡೆಯ ಒಬ್ಬಳು ಯಂತ್ರದ ಬಾಗಿಲ ತನಕ ಬಂದವಳು ಕೊರಳು ಮುಚ್ಚಿಕೊಂಡು ಕೂತುಬಿಟ್ಟಳು. "ತಾಳಿ ತೆಗ್ದು ಪೆಟ್ಟಿಗೆ ಒಳಗೆ ಮಲಗೂದು ಅಂದ್ರೆ ಎಂಥ ಅಪಶಕುನ!" ಎಂದು ಅತ್ತಳು. ತನ್ನ ಪ್ರಾಣ ತೆಗೆದುಕೊಳ್ಳಲು ಹೊರಟಿದ್ದವಳಿಗೆ ಗಂಡನ ಆಯುಸ್ಸಿನ ಚಿಂತೆ! ನನಗೆ ನಗುವೂ ಬಂತು, ಸಂಕಟವೂ ಆಯಿತು. ಸಿಸ್ಟರಕ್ಕ ಡಬ್ಬಿ ತೆಗೆದು, ಅರಿಶಿನ ಹಚ್ಚಿದ ದಾರಕ್ಕೆ ಅರಿಶಿನ ಕೊಂಬು ಕಟ್ಟಿ ಅವಳ ಕೊರಳಿಗೆ ಹಾಕಿದರು. "ತಗ, ಇದೂ ಅದೇ. ಈಗ ಬಂಗಾರ ಬಿಚ್ಚು." ಅವಳು ಎದ್ದು ಒಳಗೆ ಹೋದಳು.

ಒಳಗೆ ಮಲಗಿದವರಿಗೆ ಟೆಕ್ನೀಶಿಯನ್ ಹುಡುಗ ಹೇಳುತ್ತಿದ್ದದ್ದು ಒಂದೇ: ಕಣ್ಣು ಮುಚ್ಚಿ, ಅಲುಗಾಡಬೇಡಿ, ಏನೂ ಯೋಚನೆ ಮಾಡಬೇಡಿ. ಅದನ್ನು ಕೇಳಿದಾಗಲೆಲ್ಲ ಸಿಸ್ಟರಕ್ಕ ನನ್ನ ಪಕ್ಕೆ ತಿವಿಯುತ್ತಿದ್ದರು. "ಎಂತೂ ಯೋಚನೆ ಮಾಡಡ ಹೇಳ್ತ! ಅದೊಂದು ಬಂದಿದ್ರೆ ಇವ್ವು ಇಲ್ಲಿವರೆಗೆ ಬತ್ತಿದ್ವ?" ಯಂತ್ರ ಶುರುವಾದರೆ ತಗಡಿನ ಮಾಡಿನ ಮೇಲೆ ಕಲ್ಲು ಸುರಿದಂಥ ಸದ್ದು. ಹೆದರುವವರ ಕಾಲಿನ ಹೆಬ್ಬೆರಳನ್ನು ಇವರು ಹಿಡಿದು ನಿಲ್ಲುತ್ತಿದ್ದರು. ಡಾಕ್ಟರು ಒಮ್ಮೆ ಬೈದರು: "ಸಿಸ್ಟರ್, ನೀವು ಮುಟ್ಟಿದ್ದೂ ಚಿತ್ರದಲ್ಲಿ ಬರುತ್ತೆ."

"ಬರ್ಲಿ ಬಿಡಿ. ಯಾರೋ ಹಿಡ್ಕಂಡಿದ್ದ ಹೇಳದೂ ಕಾಣ್ಲಿ" ಎಂದರು ಇವರು. ಡಾಕ್ಟರು ಕೂಡ ನಕ್ಕುಬಿಟ್ಟರು. ಆಮೇಲಿಂದ ಸಿಸ್ಟರಕ್ಕ ಮುಟ್ಟಲಿಲ್ಲ, ಮಲಗಿದವರು ಕಣ್ಣು ಬಿಟ್ಟರೆ ತಲೆಯ ಮೇಲಿನ ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ನಿಂತರು.

ಆ ಡಾಕ್ಟರ ಮೇಲೆ ಅವರಿಗೆ ತುಂಬ ಗೌರವ. ಅದಕ್ಕೂ ಒಂದು ಕಾರಣ. ಒಂದು ದಿನ ಕಂಪ್ಯೂಟರಿನಲ್ಲಿ ಚಿತ್ರಗಳನ್ನು ತೋರಿಸುತ್ತಿದ್ದಾಗ ಇವರು ನೇರವಾಗಿ ಕೇಳಿದ್ದರು: "ಒಬ್ಬರ ಚಿತ್ರ ನೋಡಿ, ಇವರು ನಾಳೆ ಜೀವ ಕಳ್ಕತ್ರು ಅಂತ ಹೇಳೂಕೆ ಆಗ್ತದಾ?" ಡಾಕ್ಟರು ತಲೆ ಅಲ್ಲಾಡಿಸಿದರು. "ಇಲ್ಲ. ಈ ಗುಂಪಿನವರ ಚಿತ್ರಗಳನ್ನೆಲ್ಲ ಒಟ್ಟು ಹಾಕಿ, ಆ ಗುಂಪಿನದನ್ನೆಲ್ಲ ಒಟ್ಟು ಹಾಕಿದರೆ ಸಣ್ಣ ವ್ಯತ್ಯಾಸ ಕಾಣಬಹುದು. ಒಬ್ಬರ ಚಿತ್ರ ಹಿಡಿದು ಏನೂ ಹೇಳಲು ಬರುವುದಿಲ್ಲ. ಮುಂದೊಂದು ದಿನ ಬರಬಹುದು." ಜೀಪಿನಲ್ಲಿ ವಾಪಸು ಬರುವಾಗ ಸಿಸ್ಟರಕ್ಕ ಖುಷಿಯಲ್ಲಿದ್ದರು. "ಅಷ್ಟು ಓದಿದ ಮನ್ಶ ಗೊತ್ತಿಲ್ಲೆ ಹೇಳ್ದ ನೋಡು. ಅಂಥವರ ಒಟ್ಟಿಗೆ ಕೆಲಸ ಮಾಡ್ಲಕ್ಕು." ಸ್ವಲ್ಪ ಹೊತ್ತಾದ ಮೇಲೆ, "ಅಲ್ಲಿವರೆಗೆ ಕೇಳದೊಂದೇ ದಾರಿ" ಎಂದರು.

ಈಗ ನನ್ನ ತಪ್ಪಿನ ಕತೆ. ಅವರಿಗೆ ಜ್ವರ ಇದ್ದ ಒಂದು ದಿನ ಭೈರುಂಬೆಯ ಹತ್ತಿರದ ಒಂದು ಮನೆಗೆ ನಾನೊಬ್ಬಳೇ ಹೋದೆ. ಬಿ.ಎಡ್. ಓದಿದ ಹುಡುಗಿ, ಮಾತ್ರೆ ತೆಗೆದುಕೊಳ್ಳುತ್ತಿದ್ದಳು. ಆ ಪ್ರಶ್ನೆ ಕೇಳಿದೆ. ಕೇಳಿದೆ ಎಂದರೆ, ನೆಲ ನೋಡಿಕೊಂಡು ಓದಿದೆ. "ಇಲ್ಲೆ" ಎಂದಳು. ಇಲ್ಲ ಎಂದು ಗುರುತು ಹಾಕಿ, ಅವಳ ತಾಯಿ ಕೊಟ್ಟ ಬಾಳೆಹಣ್ಣು ತಿಂದು, ಪೀಡೆ ಕಳೆಯಿತು ಎಂದು ಸಿರಸಿಗೆ ಬಂದೆ. ಫಾರ್ಮು ಕೊಡಲು ಸಿಸ್ಟರಕ್ಕನ ಮನೆಗೆ ಹೋದರೆ ಅವರು ಕಂಬಳಿ ಹೊದ್ದು ಮಲಗಿದ್ದರು.

"ಚಪ್ಪಲಿ ಮೆಟ್ಟಕಾದ್ರೆ ಕೇಳ್ದ್ಯ?"

"ಇಲ್ರಿ ಅಕ್ಕಾರ. ಹುಡುಗಿ ಛಲೋ ನಕ್ಕೋತ ಇದ್ಲು. ನನ್ನ ಕಳಸಾಕ ಗೇಟಿನ ತನಕ ಬಂದಿದ್ಲು."

"ಗೇಟಿನ ತನಕ ಬಂದಿತ್ತಾ?" ಅವರು ಎದ್ದು ಕೂತರು. "ಗೇಟಿನ ತನಕ ಎಂತಕ್ಕೆ ಬಂತು ಹೇಳಿ ಗೊತ್ತಾಜಿಲ್ಯ ನಿಂಗೆ? ಕೇಳಲಿ ಹೇಳಿ ಬಂದಿದ್ದು!"

ಮೈ ಸುಡುತ್ತಿದ್ದರೂ ಅವರು ಜೀಪು ತರಿಸಿದರು. ದಾರಿಯುದ್ದಕ್ಕೂ ಅವಳ ಮನೆಗೆ ಫೋನು ಮಾಡಿದೆ, ಯಾರೂ ಎತ್ತಲಿಲ್ಲ. ಹನ್ನೆರಡು ಮೈಲಿ ನಾನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಗೊತ್ತಿದ್ದ ದೇವರಿಗೆಲ್ಲ ಹರಕೆ ಹೊತ್ತೆ. ನಾನು ಹೊರಟ ಮೇಲೆ ಮನೆಯವರೆಲ್ಲ ಮದುವೆಗೆ ಹೋಗಿದ್ದರು. ಹುಡುಗಿ ಹಿತ್ತಲಲ್ಲಿ ಒಬ್ಬಳೇ ಇದ್ದಳು. ಏನೂ ಆಗಿರಲಿಲ್ಲ, ಆಗುವುದರಲ್ಲಿತ್ತು ಎಂದಷ್ಟೇ ಬರೆಯುತ್ತೇನೆ. ಸಿಸ್ಟರಕ್ಕ ಏನೂ ಕೇಳದೆ ಅವಳ ಪಕ್ಕ ನೆಲದ ಮೇಲೆ ಕೂತು, ಅವಳ ಕೈ ತಮ್ಮ ಮಡಿಲಲ್ಲಿ ಇಟ್ಟುಕೊಂಡರು. ಅಲ್ಲಿ ಹುಲ್ಲಿನಲ್ಲಿ ಉಂಬಳ ಇದ್ದವು. ಒಂದು ಅವರ ಮೀನಖಂಡಕ್ಕೆ ಹತ್ತಿ ರಕ್ತ ಇಳಿಯುತ್ತಿದ್ದುದನ್ನು ನಾನು ನೋಡಿದೆ. ಅವರು ಕಾಲು ಅಲುಗಿಸಲಿಲ್ಲ.

ಆ ಹುಡುಗಿ ಈಗ ಟೀಚರು. ಹೊಸ ವರ್ಷಕ್ಕೆ ನನಗೆ ಫೋನಿನಲ್ಲಿ ಹೂವಿನ ಚಿತ್ರ ಕಳಿಸುತ್ತಾಳೆ.

ಕೆಲಸ ಮುಗಿಯುವ ಹೊತ್ತಿಗೆ ಮೂರನೇ ಗುಂಪಿಗೆ, ಸರಿ ಇದ್ದವರ ಗುಂಪಿಗೆ, ವಯಸ್ಸಾದ ಹೆಂಗಸರು ಸಾಲದಾದರು. "ಆನೇ ಮಲಗ್ತೆ. ಎನ್ನ ತಲೆ ಒಳಗೂ ಎಂತಾದ್ರೂ ಇದ್ದಾ ನೋಡನ" ಎಂದು ಸಿಸ್ಟರಕ್ಕ ಮುಂದೆ ಬಂದರು. ಡಾಕ್ಟರು ಅಡ್ಡಿಯಿಲ್ಲ ಎಂದರು. ಫಾರ್ಮು ತುಂಬುವವಳು ನಾನು. ಇಬ್ಬರಿಗೂ ತಮಾಷೆ. ನಾಲ್ಕನೇ ಪುಟಕ್ಕೆ ಬಂದಾಗ ನಾನು ಅವರದೇ ಧ್ವನಿ ಮಾಡಿ, "ಸಾಯವು ಹೇಳಿ ಯಾವಾಗಾದ್ರೂ ಕಂಡಿದ್ದಾ?" ಎಂದು ಕೇಳಿದೆ. ಅವರು ಕನ್ನಡಕದ ದಾರ ಸರಿಮಾಡಿಕೊಂಡು, "ಇಲ್ಲೆ. ಬರ್ಕ, ಬರ್ಕ" ಎಂದರು. ನಾನು ನಗುತ್ತಾ ಬರೆದುಕೊಂಡೆ. ಕೊರಳಿಗೆ ಏನೂ ಬೇಕಿರಲಿಲ್ಲ, ಅವರು ಮದುವೆಯಾದವರಲ್ಲ. ಕಿವಿಯ ಓಲೆ ಬಿಚ್ಚಿ ನನ್ನ ಕೈಗೆ ಕೊಟ್ಟು ಒಳಗೆ ಹೋದರು. ಕನ್ನಡಿಯಲ್ಲಿ ಕಾಣುವ ಜಾಗದಲ್ಲಿ ಅವತ್ತು ಯಾರೂ ನಿಂತಿರಲಿಲ್ಲ. ನಾನು ಹೊರಗೆ ಚಹಾ ಕುಡಿಯುತ್ತಿದ್ದೆ.

ಅವರ ಮಿದುಳಿನ ಒಂದು ಚಿತ್ರವನ್ನು ಡಾಕ್ಟರು ನೆನಪಿಗೆಂದು ಕಾಗದದ ಮೇಲೆ ತೆಗೆದುಕೊಟ್ಟರು. ಸಿಸ್ಟರಕ್ಕ ಅದಕ್ಕೆ ಸಿರಸಿಯ ಫೋಟೋ ಅಂಗಡಿಯಲ್ಲಿ ಕಟ್ಟು ಹಾಕಿಸಿ ಕ್ಯಾಲೆಂಡರಿನ ಪಕ್ಕ ತೂಗುಹಾಕಿದ್ದರು. ಬಂದವರಿಗೆಲ್ಲ, "ನೋಡಿ, ತಲೆ ಒಳಗೆ ಸಾಮಾನು ಇದ್ದು ಹೇಳಲೆ ಸಾಕ್ಷಿ" ಎನ್ನುತ್ತಿದ್ದರು. ಬಿಳಿ ಕಪ್ಪಿನ ಆ ಚಿತ್ರ ಸೀಳಿದ ಅಕ್ರೋಟಿನ ಹಾಗೆ ಕಾಣುತ್ತಿತ್ತು.

ಸಂಶೋಧನೆ ಮುಗಿದು, ಜೀಪು ಹೋಗಿ, ಅವರು ತಮ್ಮ ಬೆಕ್ಕು, ಆ ಚಿತ್ರದ ಸಮೇತ ಹುಲೇಕಲ್ ಬಸ್ ಸ್ಟಾಪಿನ ಹಿಂದೆ ಎರಡು ಕೋಣೆಯ ಮನೆ ಹಿಡಿದರು. ನಾನು ಬನವಾಸಿಗೆ ಮರಳಿದೆ. ವಾರಕ್ಕೊಂದು ಫೋನು ತಿಂಗಳಿಗೊಂದಾಯಿತು. ಆಮೇಲೆ ಏಳೆಂಟು ತಿಂಗಳು ಅವರೂ ಮಾಡಲಿಲ್ಲ, ನಾನೂ ಮಾಡಲಿಲ್ಲ. ಸಿರಸಿಗೆ ಏನೋ ಕೆಲಸಕ್ಕೆ ಹೋದ ಒಂದು ದಿನ, ನೋಡಿ ಬರೋಣ ಎಂದು ಮಧ್ಯಾಹ್ನದ ಬಸ್ಸು ಹತ್ತಿದೆ.

ಬಾಗಿಲು ತೆರೆದರು. "ಬಂದ್ಯಾ? ಕೂತ್ಗ" ಎಂದರು. ನಾನು ಕೂತೆ. ಅವರೂ ಕೂತರು. ಏನೋ ತಪ್ಪಿದೆ ಎಂದು ನನ್ನ ಮೈಗೆ ಗೊತ್ತಾಯಿತು, ತಲೆಗೆ ಗೊತ್ತಾಗಲು ಎರಡು ನಿಮಿಷ ಬೇಕಾಯಿತು. ಆಸರಿಗೆ ಎಂತ ಅಡ್ಡಿಲ್ಲೆ ಎಂದು ಅವರು ಕೇಳಿರಲಿಲ್ಲ. ಅವರ ಮನೆಗೆ ಅಂಚೆಯವನು ಬಂದರೂ ಕೇಳುತ್ತಿದ್ದ ಮಾತು. ಬಾಯಲ್ಲಿ ಲವಂಗವೂ ಇರಲಿಲ್ಲ.

ಮನೆ ಬಹಳ ಚೊಕ್ಕಟವಾಗಿತ್ತು. ಬೆಕ್ಕು ಎಲ್ಲಿ ಎಂದೆ, ಪಕ್ಕದ ಮನೆಗೆ ಕೊಟ್ಟೆ ಎಂದರು. ಕ್ಯಾಲೆಂಡರಿನ ಪಕ್ಕ ಮೊಳೆ ಇತ್ತು, ಕಟ್ಟು ಹಾಕಿದ ಚಿತ್ರ ಇರಲಿಲ್ಲ. ಮಾತಾಡುತ್ತಾ ಎದ್ದು ಕಪಾಟಿನಿಂದ ಆ ತಗಡಿನ ಡಬ್ಬಿ ತಂದು ನನ್ನ ಮಡಿಲಲ್ಲಿಟ್ಟರು. "ನೀನೇ ಇಟ್ಗ. ಎಂಗೆ ಇನ್ನೆಂತಕ್ಕೆ?" ಅರಿಶಿನ ಕೊಂಬು ಒಳಗೆ ಗಲಗಲ ಎಂದವು. ಪ್ರೀತಿಯ ವಸ್ತು ಹಂಚುವುದು, ಮನೆ ಒಪ್ಪ ಮಾಡಿಡುವುದು, ರೂಢಿಯ ಮಾತು ಮರೆಯುವುದು. ಇವನ್ನೆಲ್ಲ ನೋಡಬೇಕೆಂದು ನನಗೆ ಕಲಿಸಿದವರೇ ಅವರು.

"ಅಕ್ಕಾರ, ಆರಾಮ ಅದೀರೇನ್ರಿ? ನಿಮಗ... ಸಾಯಬೇಕು ಅನ್ನೂ ವಿಚಾರ ಏನರ ಬಂದೈತೇನ್ರಿ?"

"ಏ ಮಳ್ಳೀ, ಎನ್ನನ್ನೇ ಕೇಳ್ತ್ಯ?" ಎಂದು ನಕ್ಕರು. "ಇಲ್ಲೆ ಮಾರಾಯ್ತಿ."

ಅದು ಒಂದು. ಅವರ ಊರಿನ ಸುದ್ದಿ ಕೇಳಿದೆ, ನನ್ನ ಮಂಡಿನೋವು ಹೇಳಿದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೇಳಿದೆ. ಈ ಸಲ ನಗಲಿಲ್ಲ. "ಇಲ್ಲೆ ಹೇಳ್ದಿ ಅಲ್ದಾ. ಸಂಜೆ ಬಸ್ಸು ತಪ್ಪಿದ್ರೆ ಮತ್ತೆ ಇಲ್ಲೆ ನಿಂಗೆ. ಏಳು" ಎಂದರು. ಅದು ಎರಡು.

ನಾನು ಎದ್ದೆ. ನಿಜ ಹೇಳುತ್ತೇನೆ, ಎದ್ದದ್ದು ಸಂತೋಷದಿಂದ. ಎರಡು ಸಲ ಕೇಳಿದೆನಲ್ಲ, ಎರಡು ಸಲ ಇಲ್ಲ ಎಂದರಲ್ಲ, ಇನ್ನೇನು ಮಾಡಲಿ ಎಂದು ಮನಸ್ಸು ವಕಾಲತ್ತು ವಹಿಸುತ್ತಿತ್ತು. ಮೂರನೇ ಸಲ ಕೇಳಿ ಹೌದು ಎಂದುಬಿಟ್ಟರೆ? ಮೂರು ತಾಲೂಕಿನ ಭಾರ ಹೊತ್ತವರನ್ನು ನಾನು, ಈ ಪುಕ್ಕಲಿ, ಎಲ್ಲಿ ಹಿಡಿಯಲಿ? ಮೆಟ್ಟಿಲಿಳಿದೆ. ಒಂದು ಚಪ್ಪಲಿ ಮೆಟ್ಟಿದೆ. ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು. ಇನ್ನೊಂದು ಚಪ್ಪಲಿಗೆ ಕಾಲು ಹಾಕುವಾಗ ಕಣ್ಣಿನ ಮೂಲೆಯಲ್ಲಿ ಅವರ ಪಾದ ಕಂಡಿತು. ನನ್ನ ಹಿಂದೆಯೇ ಅಂಗಳಕ್ಕೆ ಇಳಿದು ಬಂದಿದ್ದರು, ಬರಿಗಾಲಲ್ಲಿ.

ಬಗ್ಗಿಕೊಂಡೇ ಕೇಳಿದೆ. ಧ್ವನಿ ನನ್ನದೇ ಎಂದು ನನಗೆ ಅನ್ನಿಸಲಿಲ್ಲ. "ಸಾಯವು ಹೇಳಿ ಕಾಣ್ತಾ ಅಕ್ಕಾ?"

ಬಸ್ಸು ಬಂತು. ನಿಂತಿತು. ಯಾರೋ ಇಳಿದರು. ಅದು ಹೊರಟುಹೋಯಿತು.

"ಕಾಣ್ತು ತಂಗಿ."

ಎಂತಕ್ಕೆ ಎಂದು ಕೇಳಲಿಲ್ಲ. "ಯಾವಾಗಿಂದ?" ಎಂದೆ.

"ನಿನ್ನ ಫಾರ್ಮಿಗಿಂತ ಮುಂಚಿಂದ" ಎಂದರು. "ಅವತ್ತು ನೀನು ಒಂದೇ ಸಲ ಕೇಳ್ದೆ."

ಸಿಟ್ಟಿರಲಿಲ್ಲ ಆ ಮಾತಿನಲ್ಲಿ. ಬೈದಿದ್ದರೆ ಚೆನ್ನಾಗಿತ್ತು. ಅವರ ಚಿತ್ರ ಅಷ್ಟೂ ವರ್ಷ ಸರಿ ಇದ್ದವರ ರಾಶಿಯಲ್ಲಿ ಕೂತಿತ್ತು. ಅಲ್ಲಿ ಕೂರಿಸಿದವಳು ನಾನು, ನಗುತ್ತಾ.

ಆಮೇಲಿನದೆಲ್ಲ ಆಗಬೇಕಾದ ಹಾಗೇ ಆಯಿತು. ಮರುದಿನ ಬೆಳಿಗ್ಗೆ ಅವರ ಕೈ ಹಿಡಿದು ಸಿರಸಿಯ ಮನೋವೈದ್ಯರ ಹತ್ತಿರ ಹೋದೆ. ಮಾತ್ರೆ ಶುರುವಾಯಿತು, ತಂಗಿಯ ಮಗಳು ಬಂದು ಜೊತೆಗಿದ್ದಳು, ಬೆಕ್ಕು ವಾಪಸು ಬಂತು. ಆ ಒಂದು ಚಿತ್ರವನ್ನು ರಾಶಿಯಿಂದ ತೆಗೆಯಿರಿ ಎಂದು ಸಿಸ್ಟರಕ್ಕನ ಒಪ್ಪಿಗೆ ಪಡೆದು ಸಂಶೋಧನೆಯ ಡಾಕ್ಟರಿಗೆ ಪತ್ರ ಬರೆದೆ. ಒಳ್ಳೆಯ ದಿನಗಳಿದ್ದವು, ಕೆಟ್ಟ ದಿನಗಳೂ ಇದ್ದವು. ಹೋದಾಗಲೆಲ್ಲ ಮೂರು ಸಲ ಕೇಳಿದೆ. ಹೆದರಿಕೆ ಮಾತ್ರ ಒಂದು ದಿನವೂ ನನ್ನನ್ನು ಬಿಡಲಿಲ್ಲ.

ಆದರೆ ನನಗೆ ಅವರು ಎಂದರೆ ನೆನಪಾಗುವುದು ಆ ಸಂಜೆ. ಎರಡೂ ಚಪ್ಪಲಿ ಬಿಚ್ಚಿ ಮೆಟ್ಟಿಲು ಹತ್ತಿ ಒಳಗೆ ಬಂದೆ. ಅವರನ್ನು ಕುರ್ಚಿಯ ಮೇಲೆ ಕೂರಿಸಿದೆ. ಕಲಿತದ್ದೆಲ್ಲ ಮರೆತುಹೋಗಿತ್ತು. ಕೊನೆಗೆ, "ಆಸರಿಗೆ ಎಂತ ಅಡ್ಡಿಲ್ಲೆ ಅಕ್ಕಾ?" ಎಂದೆ.

"ಎಂತೂ ಬ್ಯಾಡ" ಎಂದರು ಸಿಸ್ಟರಕ್ಕ.

ನಾನು ಒಳಗೆ ಹೋಗಿ ಒಲೆ ಹಚ್ಚಿದೆ.